ಮುಟ್ಟದೆ ಮಾಡಿದ ಕೆಲಸ

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಇಷ್ಟು ನಿಖರವಾಗಿ ಹೇಳುವುದಕ್ಕೆ ನನ್ನ ಜ್ಞಾಪಕಶಕ್ತಿ ಕಾರಣವಲ್ಲ. ನಾನು ಕಳಿಸಿದ ಪ್ರತಿ ಆದೇಶವನ್ನೂ ಗಂಟೆ, ನಿಮಿಷ, ಸೆಕೆಂಡ್ ಸಮೇತ ಬರೆದಿಡುವಂತೆ ಕಂಪ್ಯೂಟರಿಗೆ ನಾನೇ ಹೇಳಿಕೊಟ್ಟಿದ್ದೆ. ಅದು ಬರೆದಿಟ್ಟಿತು: ಐದನೇ ವಿಳಾಸ, ಇನ್ನೂರನಲವತ್ತು ವೋಲ್ಟ್, ಔಟ್‌ಪುಟ್ ಆನ್. ಆ ಸಾಲು ಪರದೆಯ ಮೇಲೆ ಮೂಡಿದ ಹೊತ್ತಿಗೆ ಗಾಜಿನ ಗೋಡೆಯ ಆಚೆ ದಿನಕರ ಒದ್ದೆ ಬೆರಳಿನಲ್ಲಿ ಕುಂಕುಮ ಹಚ್ಚುತ್ತಿದ್ದ. ಅಂದು ನವಮಿ. ನಮ್ಮ ಲ್ಯಾಬಿನಲ್ಲಿ ಆಯುಧಪೂಜೆ.

ಈಗ ಟೆಸ್ಟ್ ಲ್ಯಾಬುಗಳಿಗೆ ಸೇರುವವರಲ್ಲಿ ಅನೇಕರು ಪವರ್ ಸಪ್ಲೈಯ ಮುಖವನ್ನೇ ಸರಿಯಾಗಿ ನೋಡಿರುವುದಿಲ್ಲ. ಅದು ಒಂದು ಕೋಣೆಯಲ್ಲಿ, ಅವರು ಇನ್ನೊಂದು ಕೋಣೆಯಲ್ಲಿ. ಕೆಲವೊಮ್ಮೆ ಇನ್ನೊಂದು ಊರಿನಲ್ಲಿ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಕೆಲಸದ ಇತರ ಸಂಗತಿಗಳನ್ನು ಬೇರೆ ಯಾರಾದರೂ ಹೇಳಬಹುದು. ಇದೊಂದನ್ನು ನಾನೇ ಹೇಳಬೇಕು.

ನಾನು ಠಾಣೆ ಪಟ್ಟಣದ ಕೋಪರಿಯಲ್ಲಿ ಬೆಳೆದವಳು. ತಂದೆ ಉಡುಪಿ ಕಡೆಯಿಂದ ಬಂದು ರೈಲು ಸ್ಟೇಷನ್ನಿನ ಪೂರ್ವಕ್ಕೆ ಸಣ್ಣ ಹೋಟೆಲು ಇಟ್ಟವರು. ನಾನು ಎಲೆಕ್ಟ್ರಾನಿಕ್ಸ್ ಓದಿ ಘಣಸೋಲಿಯ ಹತ್ತಿರದ ಒಂದು ಕಾರ್ಖಾನೆಯ ಟೆಸ್ಟ್ ಲ್ಯಾಬಿಗೆ ಸೇರಿದೆ. ಕರೆಂಟ್ ಹೋದಾಗ ಆಸ್ಪತ್ರೆ, ಬ್ಯಾಂಕುಗಳ ಯಂತ್ರಗಳನ್ನು ನಿಲ್ಲದಂತೆ ನಡೆಸುವ ಯುಪಿಎಸ್‌ಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಅವುಗಳಿಗೆ ಬ್ಯಾಟರಿಗಳ ಸಾಲಿನ ಬದಲು ಪವರ್ ಸಪ್ಲೈಯಿಂದ ವಿದ್ಯುತ್ ಕೊಟ್ಟು, ದಿನಗಟ್ಟಲೆ ಓಡಿಸಿ, ತಾಳುತ್ತವೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ.

ನಾನು ಸೇರಿದಾಗ ಸಪ್ಲೈಗೆ ಎರಡು ತಿರುಗುಗುಂಡಿ, ಎರಡು ಮುಳ್ಳಿನ ಮೀಟರ್, ಅಷ್ಟೆ. ವೋಲ್ಟೇಜ್ ಏರಿಸಬೇಕೆಂದರೆ ಅದರ ಎದುರು ನಿಂತು ಕೈಯಿಂದ ತಿರುಗಿಸಬೇಕು. ಹಾಗೆ ತಿರುಗಿಸುವ ಕೈಗೆ ಭಯವಿತ್ತು. ಕಣ್ಣು ತಾನಾಗಿಯೇ ಮೇಜಿನ ಸುತ್ತ ಒಮ್ಮೆ ಹರಿದು ಬರುತ್ತಿತ್ತು. ಆ ಭಯ ಎಷ್ಟು ಬೆಲೆಬಾಳುವಂಥದು ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ಬೆನ್ನಿಗೆ ಒಂಬತ್ತು ಪಿನ್ನಿನ ಕಿಂಡಿಯಿರುವ ಸಪ್ಲೈ ಬಂತು. ಅದಕ್ಕೆ ಒಂದು ತಂತಿ ಜೋಡಿಸಿದರೆ ಕಂಪ್ಯೂಟರಿನಿಂದಲೇ ಅಕ್ಷರಗಳಲ್ಲಿ ಆದೇಶ ಕೊಡಬಹುದು. ಮೊದಲ ವಾರವೇ ನಾನು ನಾಲ್ಕು ದಶಮಾಂಶ ಎಂಟು ವೋಲ್ಟ್ ಎಂದು ಬರೆಯುವಲ್ಲಿ ಚುಕ್ಕಿ ಬಿಟ್ಟು ನಲವತ್ತೆಂಟು ಮಾಡಿದೆ. ಸಾಲಾಗಿ ಜೋಡಿಸಿದ್ದ ಬೋರ್ಡುಗಳ ಕೆಪಾಸಿಟರುಗಳು ಅರಳು ಹುರಿದ ಹಾಗೆ ಚಟಪಟ ಸಿಡಿದವು. ಲ್ಯಾಬಿನ ಮುಖ್ಯಸ್ಥರು ದೇಶಪಾಂಡೆ ಸಾಹೇಬರು, ಧಾರವಾಡದವರು. ಹೊಗೆಯೊಳಗೆ ಇಣುಕಿ, “ಶೆಟ್ಟಿಬಾಯಾರ, ದೀಪಾವಳಿ ಇನ್ನೂ ದೂರ ಅದರೀ” ಎಂದರು. ನನಗೆ ಸಿಕ್ಕ ಶಿಕ್ಷೆ ಅಷ್ಟೇ. ಇಂಥ ತಪ್ಪಿಗೆ ಬೋರ್ಡು ಸುಡುತ್ತದೆ, ಹೆಚ್ಚೆಂದರೆ ನಗೆಪಾಟಲು ಎಂಬುದು ಅಂದು ನನ್ನ ತಲೆಯಲ್ಲಿ ಕೂತಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಲ್ಯಾಬಿಗೆ ಜಿಪಿಐಬಿ ಎಂಬ ಕೇಬಲ್ ಬಂತು. ಹೆಬ್ಬೆರಳು ಗಾತ್ರದ ಕೇಬಲ್; ಒಂದು ಯಂತ್ರದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಸರಪಳಿಯಂತೆ ಹೋಗುತ್ತದೆ. ಒಂದೇ ಕಂಪ್ಯೂಟರಿನಿಂದ ಎಲ್ಲವನ್ನೂ ಆಳಬಹುದು. ಯಾವ ಆದೇಶ ಯಾರಿಗೆ ಎಂದು ತಿಳಿಯಲು ಪ್ರತಿ ಯಂತ್ರಕ್ಕೂ ಒಂದು ವಿಳಾಸ ಸಂಖ್ಯೆ. ಅದನ್ನು ಯಂತ್ರದ ಬೆನ್ನಿನ ಮೇಲಿರುವ ಅಕ್ಕಿಕಾಳಿನಷ್ಟು ಪುಟ್ಟ ಸ್ವಿಚ್ಚುಗಳಿಂದ ಗೊತ್ತು ಮಾಡಬೇಕು. ನಮ್ಮಲ್ಲಿ ಒಂದೇ ಮಾದರಿಯ ಎರಡು ದೊಡ್ಡ ಸಪ್ಲೈಗಳಿದ್ದವು, ಮುನ್ನೂರು ವೋಲ್ಟಿನವರೆಗೂ ಹೋಗುವಂಥವು. ಮೊದಲನೇ ಮೇಜಿನದಕ್ಕೆ ಐದು, ಎರಡನೇ ಮೇಜಿನದಕ್ಕೆ ಆರು. ಸರಪಳಿಯಲ್ಲಿ ಕೆಲವು ಯಂತ್ರಗಳನ್ನು ಬಂದ್ ಮಾಡಿಟ್ಟರೆ ಉಳಿದವು ಆದೇಶ ಸರಿಯಾಗಿ ಕೇಳುವುದಿಲ್ಲ. ಆದ್ದರಿಂದ ಕೆಲಸವಿಲ್ಲದ ಸಪ್ಲೈಯನ್ನೂ ಹೊತ್ತಿಸಿಯೇ ಇಡುತ್ತಿದ್ದೆವು, ಔಟ್‌ಪುಟ್ ಮಾತ್ರ ಬಂದ್.

ಇಡೀ ಲ್ಯಾಬಿನಲ್ಲಿ ಇದನ್ನು ಕಲಿತವಳು ನಾನೊಬ್ಬಳೇ. ಗಾಜಿನ ಗೋಡೆಯ ಈಚೆ ನನಗೊಂದು ಮೇಜು ಕೊಟ್ಟರು. ಅಲ್ಲಿ ಕೂತು ಆಚೆಯ ಯಂತ್ರಗಳನ್ನು ಕುಣಿಸುವಾಗ ನನಗೆ ಜಂಬವಿತ್ತು. ಒಂದೇ ತೊಂದರೆ ದಿನಕರನದು. ಅವನು ನಮ್ಮ ಟೆಕ್ನೀಷಿಯನ್, ಕಾರ್ಕಳದ ಕಡೆಯವನು, ಡೊಂಬಿವಲಿಯಲ್ಲಿ ಮನೆ. ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಟೆಸ್ಟ್ ನಡೆಯುತ್ತಿರುವಾಗ ಹೋಗಿ ಸಪ್ಲೈಯ ಮುಖದ ಮೇಲಿನ ಗುಂಡಿ ಒತ್ತುವನು, ನನ್ನ ಅಂಕಿಗಳೆಲ್ಲ ಕೆಡುವವು.

“ಎಂತ ಮಾರಾಯ, ಅದು ನಿನಗೆ ಏನು ಮಾಡಿತು?” ಎಂದು ಗದರಿದರೆ, “ಒಳಗೆ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಅಕ್ಕ. ಮುಟ್ಟದಿದ್ದರೆ ನಂಗೆ ನಂಬಿಕೆ ಬರುವುದಿಲ್ಲ” ಎನ್ನುವನು.

ಕಂಪ್ಯೂಟರಿನಿಂದ ಒಂದು ಆದೇಶ ಕೊಟ್ಟರೆ ಯಂತ್ರದ ಮುಖದ ಗುಂಡಿಗಳೆಲ್ಲ ಕೆಲಸ ಮಾಡದಂತೆ ಬೀಗ ಬೀಳುತ್ತದೆ. ನಾನು ಆ ಆದೇಶವನ್ನು ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಸೇರಿಸಿದೆ. ಎರಡೂ ಸಪ್ಲೈಗಳಿಗೆ. ಅದರ ಬಗ್ಗೆ ಯಾರಿಗೂ ಹೇಳಲಿಲ್ಲ, ದಿನಕರನಿಗೂ ಹೇಳಲಿಲ್ಲ. ಅವನು ಒತ್ತಿ ಒತ್ತಿ, “ಇದರ ಗುಂಡಿ ಸತ್ತಿದೆ ಅಕ್ಕ” ಎಂದಾಗ ಒಳಗೊಳಗೇ ನಕ್ಕೆ.

ಪೂಜೆಯ ಹಿಂದಿನ ಸಂಜೆ ನಾನೂ ದಿನಕರನೂ ಯಂತ್ರಗಳನ್ನೆಲ್ಲ ಕೆಳಗಿಳಿಸಿ ಧೂಳು ಒರೆಸಿದೆವು. ಒರೆಸಿ ಮತ್ತೆ ಎತ್ತಿಟ್ಟೆವು. ಎರಡು ದೊಡ್ಡ ಸಪ್ಲೈಗಳು ಅವಳಿ ಮಕ್ಕಳ ಹಾಗೆ. ಯಾವುದನ್ನು ಯಾವ ಮೇಜಿಗೆ ಇಡಬೇಕೆಂದು ಹೇಳಿದವಳು ನಾನು. ಬೆನ್ನು ತಿರುಗಿಸಿ ವಿಳಾಸ ನೋಡಲಿಲ್ಲ. ಐದು ಇರಬೇಕಾದ ಕಡೆ ಆರು, ಆರು ಇರಬೇಕಾದ ಕಡೆ ಐದು ಕೂತವು.

ನವಮಿಯ ಬೆಳಿಗ್ಗೆ ದೇಶಪಾಂಡೆ ಸಾಹೇಬರು ಹೊಸ ಧೋತರ ಉಟ್ಟು ಬಂದಿದ್ದರು. ಪೂಜೆಯಾದ ಮೇಲೆ ಯಂತ್ರ ಮುಟ್ಟಬಾರದು, ಮರುದಿನ ದಸರೆಗೆ ತೆಂಗಿನಕಾಯಿ ಒಡೆದೇ ಶುರುಮಾಡಬೇಕು ಎಂಬುದು ಲ್ಯಾಬಿನ ಪದ್ಧತಿ. ಆದರೆ ಮೊದಲನೇ ಮೇಜಿನ ಮೇಲೆ ನಾಲ್ಕು ದಿನದ ಟೆಸ್ಟ್ ಒಂದು ಅರ್ಧಕ್ಕೆ ನಿಂತಿತ್ತು, ಆ ಯುಪಿಎಸ್ ಹೋಗಬೇಕಾದ ದಿನ ಹತ್ತಿರವಿತ್ತು. ದಿನ ತಪ್ಪುವುದಿಲ್ಲವೆಂದು ದೊಡ್ಡದಾಗಿ ಹೇಳಿದ್ದವಳು ನಾನೇ.

“ಸರ್, ಟೆಸ್ಟ್ ಮುಂದುವರಿಸುತ್ತೇನೆ” ಎಂದೆ.

“ಏನ್ರೀ ನೀವು! ಇವತ್ತ ಯಂತ್ರ ಮುಟ್ಟಬಾರದು ಅಂತ ಗೊತ್ತಿಲ್ಲೇನು?”

“ಯಂತ್ರ ಮುಟ್ಟುವುದಿಲ್ಲ ಸರ್. ಕಂಪ್ಯೂಟರ್ ಮಾತ್ರ.”

ದಿನಕರ ಚೆಂಡುಹೂವಿನ ಮಾಲೆಯೊಂದಿಗೆ ನಡುವೆ ಬಾಯಿ ಹಾಕಿದ. “ಕಂಪ್ಯೂಟರಿಗೂ ಕುಂಕುಮ ಹಚ್ಚಿ ಆಯ್ತು ಅಕ್ಕ. ಅದೂ ಆಯುಧವೇ.”

“ಪರದೆಗೆ ಹಚ್ಚಿದ್ದಿ. ಕೀಬೋರ್ಡಿಗೆ ಹಚ್ಚಿದ್ದೀಯಾ?” ಎಂದೆ.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, “ನಿಮ್ಮ ಕೂಡ ವಾದ ಮಾಡೂದು ಬ್ಯಾಡವಾ” ಎಂದು ಒಪ್ಪಿಬಿಟ್ಟರು. ಆಮೇಲೆ ನಾನು ದಿನಕರನಿಗೆ ಹೇಳಿದೆ, “ಮೊದಲನೇ ಮೇಜಿನ ಹತ್ತಿರ ಹೋಗಬೇಡ, ಅಲ್ಲಿ ಕರೆಂಟ್ ಇರುತ್ತದೆ. ಎರಡನೆಯದು ಬಂದ್ ಇದೆ, ಅಲ್ಲಿ ಏನು ಬೇಕಾದರೂ ಪೂಜೆ ಮಾಡಿಕೋ.” ಅವನು ನನ್ನ ಮಾತು ನಂಬಿದ. ಗಾಜಿನ ಈಚೆ ಬಂದು ಕೂತು, ಮುಂದುವರಿಸು ಎಂಬುದನ್ನು ಒತ್ತಿದೆ.

ಎರಡೂ ಸಪ್ಲೈಗಳ ಅಂಕಿ ತೋರಿಸುವ ಕಿಟಕಿಯೂ ಔಟ್‌ಪುಟ್ ಇದೆ ಎಂದು ಹೇಳುವ ಕೆಂಪು ದೀಪವೂ ಮಾಲೆಯಡಿ ಮುಚ್ಚಿಹೋಗಿದ್ದವು. ಎರಡನೇ ಮೇಜಿನ ಮೇಲೆ ಮುಚ್ಚಳ ತೆಗೆದ ಒಂದು ಯುಪಿಎಸ್ ಇತ್ತು. ಅದಕ್ಕೆ ಸಪ್ಲೈಯಿಂದ ಬಂದ ತಾಮ್ರದ ಪಟ್ಟಿ ತೆರೆದೇ ಇತ್ತು. ದಿನಕರ ಎಡಗೈಯಲ್ಲಿ ಕಬ್ಬಿಣದ ಚೌಕಟ್ಟು ಹಿಡಿದು, ಬಾಗಿ, ಬಲಗೈ ಬೆರಳುಗಳಿಂದ ಆ ಪಟ್ಟಿಗೆ ಕುಂಕುಮ ಇಟ್ಟ.

ಅವನು ಕೂಗಲಿಲ್ಲ. ಇದನ್ನು ಹೊಸಬರು ತಿಳಿದಿರಬೇಕು: ಕರೆಂಟ್ ಹಿಡಿದುಕೊಂಡ ಮನುಷ್ಯ ಕೂಗಲಾರ. ತಲೆ ಬಾಗಿಸಿ, ಬೆರಳನ್ನು ಪಟ್ಟಿಯ ಮೇಲೆ ಊರಿ ಅಲ್ಲಾಡದೆ ನಿಂತಿದ್ದ. ನಾನು ಗಾಜಿನ ಮೂಲಕ ನೋಡುತ್ತಿದ್ದೆ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡೆ. ಪರದೆಯ ಮೇಲೆ ಮೂರು ಆಂಪಿಯರ್ ಬರಬೇಕಾದಲ್ಲಿ ಬರೀ ಸೊನ್ನೆ ಇತ್ತು. ಅದನ್ನೂ ನೋಡಿದೆ, ಲೋಡ್ ಇನ್ನೂ ಶುರುವಾಗಿಲ್ಲವೇನೋ ಎಂದುಕೊಂಡೆ. ಆಮೇಲೆ ಅವನ ಭುಜ ನಡುಗುವುದು ಕಂಡಿತು.

ಆಗ ನಾನು ಓಡಬೇಕಿತ್ತು. ಓಡಲಿಲ್ಲ. ಕೀಬೋರ್ಡಿನಲ್ಲಿ ಪ್ರೋಗ್ರಾಮ್ ನಿಲ್ಲಿಸುವ ಕೀ ಒತ್ತಿದೆ. ನಿಂತಿತು ಎಂದು ಪರದೆ ಹೇಳಿತು. ನನಗೆ ಸಮಾಧಾನವಾಯಿತು. ಆದರೆ ಪ್ರೋಗ್ರಾಮ್ ನಿಂತರೆ ಸಪ್ಲೈ ನಿಲ್ಲುವುದಿಲ್ಲ. ಕೊನೆಗೆ ಕೊಟ್ಟ ಆದೇಶವನ್ನೇ ಹಿಡಿದುಕೊಂಡು, ಇನ್ನೊಂದು ಆದೇಶ ಬರುವವರೆಗೂ ಇನ್ನೂರನಲವತ್ತು ವೋಲ್ಟ್ ಕೊಡುತ್ತಲೇ ಇರುತ್ತದೆ. ಇದು ನನಗೆ ಗೊತ್ತಿತ್ತು. ಎಷ್ಟೋ ಸಲ ಕಂಡಿದ್ದೆ. ಆ ಕ್ಷಣದಲ್ಲಿ ನೆನಪಾಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಕೆಲಸಗಾರ ಹೋಗಿ ಸಪ್ಲೈಯ ಮುಖದ ಆಫ್ ಗುಂಡಿಯನ್ನು ಮೂರು ಸಲ ಒತ್ತಿದ. ನಾನು ಹಾಕಿದ್ದ ಬೀಗದಿಂದ ಅದು ಕೆಲಸ ಮಾಡಲಿಲ್ಲ. ಕೊನೆಗೆ ದೇಶಪಾಂಡೆ ಸಾಹೇಬರು ಧೋತರ ಎತ್ತಿಕೊಂಡು ಓಡಿ, ಗೋಡೆಯ ಮೇಲಿನ ಮುಖ್ಯ ಸ್ವಿಚ್ಚಿನ ಹಿಡಿಯನ್ನು ಎಳೆದರು. ದಿನಕರ ಕುಂಕುಮದ ಬಟ್ಟಲಿನ ಸಮೇತ ನೆಲಕ್ಕೆ ಬಿದ್ದ. ನೆಲವೆಲ್ಲ ಕೆಂಪು. ಅದು ರಕ್ತವೆಂದೇ ತಿಳಿದೆ.

ಅವನು ಬದುಕಿದ. ಬಲಗೈಯ ಎರಡು ಬೆರಳು ಸುಟ್ಟು ಸೆಟೆದುಕೊಂಡವು. ಮುಂದೆ ಅವನ್ನು ಮಡಚಲು ಆಗಲೇ ಇಲ್ಲ.

ಅವನನ್ನು ವಾಶಿಯ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ಲ್ಯಾಬಿನಲ್ಲಿ ನಾನೊಬ್ಬಳೇ ಉಳಿದೆ. ಸಪ್ಲೈಯ ಬೆನ್ನು ತಿರುಗಿಸಿ ನೋಡಿದೆ. ಎರಡನೇ ಮೇಜಿನಲ್ಲಿ ಐದು. ಎಲ್ಲವೂ ಅರ್ಥವಾಯಿತು. ಐದು, ಆರು ಸಂಖ್ಯೆಗಳ ನಡುವಿನ ವ್ಯತ್ಯಾಸ ಎರಡು ಪುಟ್ಟ ಸ್ವಿಚ್ಚು. ನಾನು ತಲೆಯಿಂದ ಹೇರ್‌ಪಿನ್ ತೆಗೆದು ಅವನ್ನು ಒತ್ತಿದೆ. ಎರಡನೇ ಮೇಜಿನದು ಆರಾಯಿತು. ಹೋಗಿ ಮೊದಲನೇ ಮೇಜಿನದನ್ನು ಐದು ಮಾಡಿದೆ. ಹೇರ್‌ಪಿನ್ ಮತ್ತೆ ತಲೆಗೆ ಸಿಕ್ಕಿಸಿಕೊಂಡೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೊದಲಿನ ತಪ್ಪನ್ನು ಮರೆವು ಎನ್ನಬಹುದು. ಇದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಈಗ ಕಂಪ್ಯೂಟರಿನ ದಾಖಲೆ ಏನು ಹೇಳುತ್ತಿತ್ತು ನೋಡಿ. ಐದನೇ ವಿಳಾಸಕ್ಕೆ ವಿದ್ಯುತ್ ಕೊಡಲಾಯಿತು. ಐದು ಎಂದರೆ ಮೊದಲನೇ ಮೇಜು. ಹಾಗಾದರೆ ಎರಡನೇ ಮೇಜಿನ ಸಪ್ಲೈಯ ಔಟ್‌ಪುಟ್ ಹಾಕಿದವರು ಯಾರು? ದಿನಕರನೇ. ಗುಂಡಿ ಒತ್ತುವ ಅವನ ಚಟ ಎಲ್ಲರಿಗೂ ಗೊತ್ತು. ಗುಂಡಿಗಳಿಗೆ ಬೀಗ ಬಿದ್ದಿತ್ತು, ಅವನಿಂದ ಅದು ಸಾಧ್ಯವೇ ಇರಲಿಲ್ಲ ಎಂಬುದು ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತಿತ್ತು. ಆಫ್ ಒತ್ತಿದವನ ಮಾತನ್ನು, ಗಾಬರಿಯಲ್ಲಿ ಸರಿಯಾಗಿ ಒತ್ತಿರಲಿಕ್ಕಿಲ್ಲ ಎಂದು ತಳ್ಳಿಹಾಕಿದರು.

ವಿಚಾರಣೆಯ ಹಿಂದಿನ ದಿನ ದೇಶಪಾಂಡೆ ಸಾಹೇಬರು ನನ್ನನ್ನು ಒಬ್ಬಳನ್ನೇ ಕರೆದರು. ಕೇಳಬೇಕಾದ್ದನ್ನು ನೇರವಾಗಿಯೇ ಕೇಳಿದರು. “ನಿಮ್ಮ ಕಡೆಯಿಂದ ಏನರ ತಪ್ಪ ಆಗೇದೇನ್ರಿ? ಆಗಿದ್ರ ಈಗ ಹೇಳ್ರಿ. ಒಪ್ಪಿಗಿ ಕೊಟ್ಟಾಂವ ನಾನು, ನಿಮ್ಮ ಜೋಡಿ ನಾನೂ ನಿಂದರತೀನಿ.”

“ಇಲ್ಲ ಸರ್” ಎಂದೆ.

ಹೇಳಿದ್ದರೆ ಏನಾಗುತ್ತಿತ್ತು? ದೂರದಿಂದ ಯಂತ್ರ ನಡೆಸುವ ಏರ್ಪಾಡು ನಿಲ್ಲುತ್ತಿತ್ತು, ನನ್ನನ್ನು ಬೋರ್ಡಿಗೆ ಬೆಸುಗೆ ಹಾಕುವ ಸಾಲಿಗೆ ಕಳಿಸುತ್ತಿದ್ದರು. ಅಷ್ಟೇ. ಅಷ್ಟಕ್ಕಾಗಿ ನಾನು ಒಬ್ಬ ಮನುಷ್ಯನ ಹೆಸರು ಕೆಡಿಸಿದೆ.

ಆಸ್ಪತ್ರೆಗೆ ಹೋದಾಗ ದಿನಕರ ಎದ್ದು ಕೂರಲು ನೋಡಿದ. ಕೈಗೆ ಬ್ಯಾಂಡೇಜು. ನನ್ನನ್ನು ಕಂಡದ್ದೇ, “ಅಕ್ಕ, ನನ್ನಿಂದ ನಿಮಗೆ ತೊಂದರೆ ಆಯ್ತು. ಗುಂಡಿ ಒತ್ತಿದ ನೆನಪಿಲ್ಲ, ಒತ್ತಿರ್ಬೇಕು. ಟೆಸ್ಟ್ ನಿಂತಿತಂತೆ” ಎಂದ.

ಅವನ ಹೆಂಡತಿ ಮುಖ ತಿರುಗಿಸಿಕೊಂಡಳು. “ಹೇಳಿ, ಅದನ್ನೂ ಹೇಳಿ ಅಕ್ಕನ ಹತ್ರ” ಎಂದಳು.

ಅವನು ತಲೆ ತಗ್ಗಿಸಿದ. “ಅವತ್ತು ಬೆಳಿಗ್ಗೆ ಹಿಂದಿನ ದಿನದ ಬಂಗುಡೆ ಸಾರು ಉಳಿದಿತ್ತು. ಗಂಜಿಯ ಒಟ್ಟಿಗೆ ತಿಂದು ಬಂದೆ. ನವಮಿಯ ದಿನ ಮೀನು ತಿಂದು ಪೂಜೆಗೆ ಕೈ ಹಾಕಿದ್ದು. ದೇವಿ ಬಿಡ್ತಾಳಾ?”

ಅಲ್ಲಿಯೇ ಹೇಳಿಬಿಡಬಹುದಿತ್ತು. ನಾನು ಮೂಸಂಬಿಯ ಚೀಲ ಕೆಳಗಿಟ್ಟು, “ಹಾಗೆಲ್ಲ ಅಂದುಕೊಳ್ಳಬೇಡ” ಎಂದು ಹೊರಟು ಬಂದೆ.

ಅಜಾಗರೂಕತೆಯಿಂದ ಔಟ್‌ಪುಟ್ ಹಾಕಿದನೆಂದು ಅವನಿಗೆ ಎಚ್ಚರಿಕೆಯ ಪತ್ರ ಹೋಯಿತು. ಕೈ ಮೊದಲಿನಂತಿಲ್ಲವೆಂದು ಲ್ಯಾಬಿನಿಂದ ತೆಗೆದು ಡೊಂಬಿವಲಿಯ ಗೋದಾಮಿಗೆ ಹಾಕಿದರು. ಲ್ಯಾಬಿನಲ್ಲಿ ಆಯುಧಪೂಜೆ ನಿಂತಿತು. ನಾನು ಪ್ರೋಗ್ರಾಮಿನಲ್ಲಿ ಮೂರು ಸಾಲು ಸೇರಿಸಿದೆ. ಮೊದಲು ಯಂತ್ರವನ್ನು ನೀನು ಯಾರು ಎಂದು ಕೇಳಿ, ಅದರ ಸೀರಿಯಲ್ ನಂಬರು ಹೊಂದದಿದ್ದರೆ ಮುಂದೆ ಹೋಗಬೇಡ. ಪ್ರೋಗ್ರಾಮ್ ಯಾವ ಕಾರಣಕ್ಕೆ ನಿಂತರೂ ಮೊದಲು ಔಟ್‌ಪುಟ್ ಆರಿಸು. ಗುಂಡಿಗಳಿಗೆ ಬೀಗ ಹಾಕಬೇಡ. ಈ ಮೂರನ್ನು ಎಲ್ಲರೂ ಮೆಚ್ಚಿದರು. ಯಾಕೆ ಸೇರಿಸಿದೆ ಎಂದು ಯಾರೂ ಕೇಳಲಿಲ್ಲ.

ನನ್ನ ನಿದ್ದೆ ಕೆಟ್ಟಿತು. ಒಂದೆರಡು ಗಂಟೆ ಮಲಗಿದರೆ ಎಚ್ಚರ. “ಹಾಸಿಗೆಯ ಮೇಲೆ ಟೈಪ್ ಮಾಡ್ತೀಯಾ ಮಾರಾಯ್ತಿ” ಎಂದು ನನ್ನ ಗಂಡ ಹೇಳುತ್ತಿದ್ದರು. ನಿದ್ದೆಯಲ್ಲೂ ನನ್ನ ಬೆರಳು ಅದೇ ನಿಲ್ಲಿಸುವ ಕೀ ಹುಡುಕುತ್ತಿತ್ತು. ವೈದ್ಯರು ಮಾತ್ರೆ ಕೊಟ್ಟರು. ವಯಸ್ಸು ಎಂದರು.

ಇದರ ನಡುವೆ ಕೆಲಸದ ವಿಧಾನ ಬದಲಾಗುತ್ತಲೇ ಇತ್ತು. ಹೆಬ್ಬೆರಳು ಗಾತ್ರದ ಕೇಬಲ್ ಹೋಗಿ ಯುಎಸ್‌ಬಿ ಬಂತು, ಆಮೇಲೆ ಎಲ್ಲ ಯಂತ್ರಗಳೂ ಕಚೇರಿಯ ನೆಟ್‌ವರ್ಕಿಗೆ ಸೇರಿದವು. ಠಾಣೆಯ ಆಫೀಸಿನಲ್ಲಿ ಕೂತು ಘಣಸೋಲಿಯ ಸಪ್ಲೈ ನಡೆಸುವ ಕಾಲ. ಒಮ್ಮೆ ಠಾಣೆಯಿಂದ ಒಬ್ಬ ಎಂಜಿನಿಯರ್, ಈ ಕಡೆ ಯಾರಿದ್ದಾರೆಂದು ಕೇಳದೆ ಔಟ್‌ಪುಟ್ ಹಾಕಿದ. ಆ ಹೊತ್ತಿಗೆ ಮೇಜಿನ ಹತ್ತಿರ ಯಾರೂ ಇರಲಿಲ್ಲ. ನಾನು ಫೋನಿನಲ್ಲಿ ಅವನ ಮೇಲೆ ಕೂಗಾಡಿದೆ. “ಸಾರಿ ಮೇಡಂ, ಕುಛ್ ಹುವಾ ತೋ ನಹೀಂ ನಾ?” ಎಂದ. ಏನೂ ಆಗಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಆ ಮಾತೇ ಕಿವಿಯಲ್ಲಿತ್ತು. ಅವನು ಕೇಳಿಯಾದರೂ ಕೇಳಿದ್ದ.

ಆರು ವರ್ಷ ಹೀಗೆ ಕಳೆಯಿತು. ದೇಶಪಾಂಡೆ ಸಾಹೇಬರು ನಿವೃತ್ತರಾದಾಗ ಠಾಣೆಯ ಒಂದು ಹೋಟೆಲಿನಲ್ಲಿ ಊಟ ಇಟ್ಟಿದ್ದೆವು. ದಿನಕರನೂ ಬಂದಿದ್ದ. ಸಸ್ಯಾಹಾರಿ ಸಾಹೇಬರನ್ನು ಬಿಟ್ಟರೆ ಎಲ್ಲರ ತಟ್ಟೆಯಲ್ಲೂ ಮೀನು, ಅವನದರಲ್ಲಿ ಮೊಸರನ್ನ.

“ಏನೋ ದಿನಕರ್ಯಾ, ನಮ್ಮ ಪಂಕ್ತಿಗೆ ಬಂದೀಯಲ್ಲೋ!” ಎಂದರು ಸಾಹೇಬರು.

“ಅವತ್ತಿನಿಂದ ಬಿಟ್ಟೆ ಸರ್. ಹರಕೆ. ಮನೆಯಲ್ಲಿ ಅವಳೂ ಬಿಟ್ಟಿದ್ದಾಳೆ” ಎಂದು ಅವನು ಸೆಟೆದ ಬೆರಳುಗಳ ನಡುವೆ ಚಮಚ ಸಿಕ್ಕಿಸಿಕೊಂಡು ಉಂಡ.

ಊಟ ಮುಗಿದ ಮೇಲೆ ಅವನ ಜೊತೆ ಠಾಣೆ ಸ್ಟೇಷನ್ನಿಗೆ ನಡೆದೆ. ಮಧ್ಯಾಹ್ನದ ಹೊತ್ತು, ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ. ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ: ವಿಳಾಸ, ಬೀಗ, ಹೇರ್‌ಪಿನ್. ಕಲ್ಯಾಣದ ಗಾಡಿ ಬಂತು, ಹೋಯಿತು. ಇನ್ನೊಂದೂ ಬಂತು. ಅವನು ಏಳಲಿಲ್ಲ.

“ಗುಂಡಿ ಸತ್ತಿದೆ ಅಂತ ನಾನು ಹೇಳಿದ್ದೆ ಅಲ್ವಾ” ಎಂದ ಕೊನೆಗೆ.

“ಹೌದು.”

“ನೀವು ನಗಾಡಿದ್ರಿ.”

“ಹೌದು.”

“ಆರು ವರ್ಷ ನಾನು ದೇವಿಯ ಹತ್ರ ತಪ್ಪಾಯ್ತು ಅಂತ ಹೇಳಿದ್ದು. ಮೀನು ಬಿಟ್ಟದ್ದು ಹೋಗ್ಲಿ. ಮನೆಯಲ್ಲಿ ಏನೇ ಕೆಟ್ಟದಾದ್ರೂ, ಮಗಳಿಗೆ ಜ್ವರ ಬಂದ್ರೂ, ನನ್ನಿಂದಲೇ ಅಂತ.” ಆಮೇಲೆ ನನ್ನ ಕಡೆ ತಿರುಗಿದ. ಅಂಥ ಮುಖವನ್ನು ನಾನು ಅವನಲ್ಲಿ ಎಂದೂ ಕಂಡಿರಲಿಲ್ಲ. “ಈಗ ನನ್ನ ಹತ್ರ ಯಾಕೆ ಹೇಳಿದ್ದು? ನಿಮಗೆ ಹಗುರ ಆಗ್ಲಿಕ್ಕಾ? ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಕಾಗದ ಇರುವುದು ಆಫೀಸಿನಲ್ಲಿ. ಅಲ್ಲಿ ಬರೆದು ಕೊಡಿ.”

ಮುಂದಿನ ಗಾಡಿಗೆ ಅವನು ಹತ್ತಿದ. ನನ್ನ ಕಡೆ ನೋಡಲಿಲ್ಲ.

ಮರುದಿನ ಬರೆದುಕೊಟ್ಟೆ. ಮೊದಲು ಯಾರೂ ನಂಬಲಿಲ್ಲ. ಹಳೆಯ ಗೆಳೆಯನನ್ನು ಉಳಿಸಲು ಹೀಗೆ ಹೇಳುತ್ತಿದ್ದಾಳೆ ಎಂದರು. ಸಪ್ಲೈಗಳನ್ನು ಕ್ಯಾಲಿಬ್ರೇಷನ್ನಿಗೆ ಕಳಿಸಿದಾಗಿನ ಹಳೆಯ ಪ್ರಮಾಣಪತ್ರಗಳನ್ನು ಹುಡುಕಿ ತಂದೆ. ಯಾವ ಸೀರಿಯಲ್ ನಂಬರಿಗೆ ಯಾವ ವಿಳಾಸ ಎಂದು ಅದರಲ್ಲಿತ್ತು. ಅಪಘಾತದ ಮೊದಲು ಒಂದು, ಅನಂತರ ಇನ್ನೊಂದು. ಹಳೆಯ ಪ್ರೋಗ್ರಾಮಿನ ಮೊದಲ ಸಾಲನ್ನೂ ತೋರಿಸಿದೆ. ಆಮೇಲೆ ನನ್ನನ್ನು ಏನು ಮಾಡಿದರು ಎಂಬುದು ಇಲ್ಲಿ ಮುಖ್ಯವಲ್ಲ, ಮಾಡಿದ್ದು ಕಡಿಮೆಯೇ. ಲ್ಯಾಬಿನವರನ್ನೆಲ್ಲ ಕೂರಿಸಿ ನನ್ನ ಹೇಳಿಕೆಯನ್ನು ನಾನೇ ಓದಬೇಕಾಯಿತು. ಓದುವಾಗ ಸೀರೆಯ ಸೆರಗನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅದರ ಸುಕ್ಕು ಇಸ್ತ್ರಿಗೂ ಹೋಗಲಿಲ್ಲ. ಅಂದು ನಿದ್ದೆ ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ.

ಎಚ್ಚರಿಕೆಯ ಪತ್ರ ರದ್ದಾಯಿತು. ದಿನಕರ ತಾನೇ ಕೇಳಿಕೊಂಡು ಲ್ಯಾಬಿಗೇ ವಾಪಸು ಬಂದ. ಮೊದಲ ದಿನ ಅವನಿಗೆ ಸಿಕ್ಕ ಕೆಲಸ, ಒಂದು ಯುಪಿಎಸ್ಸಿನ ತಂತಿ ಬದಲಿಸುವುದು. ಸಪ್ಲೈ ನನ್ನ ಕೈಯಲ್ಲಿತ್ತು. ನಾನು ಆರಿಸಿದೆ, ಪರದೆಯಲ್ಲಿ ನೋಡಿದೆ, ಎದ್ದು ಹೋಗಿ ದೀಪವನ್ನೂ ನೋಡಿ ಬಂದೆ. “ಆಯ್ತು ದಿನಕರ, ಮಾಡಬಹುದು” ಎಂದೆ.

ಅವನು ಜೇಬಿನಿಂದ ಸ್ವಂತ ಮೀಟರ್ ತೆಗೆದ. ಅದು ಸರಿಯಿದೆಯೋ ಎಂದು ಮೊದಲು ಒಂದು ಬ್ಯಾಟರಿಯ ಮೇಲೆ ಹಿಡಿದು ನೋಡಿದ. ಆಮೇಲೆ ಸೆಟೆದ ಬೆರಳುಗಳ ನಡುವೆ ಮೀಟರಿನ ಕಡ್ಡಿ ಸಿಕ್ಕಿಸಿಕೊಂಡು ತಾಮ್ರದ ಪಟ್ಟಿಗೆ ಮುಟ್ಟಿಸಿದ. ಆ ಮೇಜಿನ ಮುಖ್ಯ ಸ್ವಿಚ್ಚಿನ ಹಿಡಿ ಕೆಳಗೆಳೆದು ತನ್ನದೊಂದು ಬೀಗ ಹಾಕಿ, ಕೀಲಿಕೈ ಜೇಬಿಗೆ ಹಾಕಿಕೊಂಡ. ಮತ್ತೊಮ್ಮೆ ಅಳೆದ. ಇಡೀ ಲ್ಯಾಬು ನೋಡುತ್ತಿತ್ತು.

“ನಿಮ್ಮ ಮಾತಿನ ಮೇಲೆ ನಾನು ಇನ್ನು ಕೈ ಹಾಕುವುದಿಲ್ಲ ಅಕ್ಕ” ಎಂದ. ಕೋಪದಿಂದಲ್ಲ, ಸಾದಾ ದನಿಯಲ್ಲಿ. “ಬೇಜಾರು ಮಾಡ್ಬೇಡಿ. ದಿನಾ ಹೀಗೆಯೇ.”

ಮುಖಕ್ಕೆ ಹೊಡೆದ ಹಾಗಾಯಿತು. ಎಲ್ಲರ ಎದುರು ಇಪ್ಪತ್ತು ವರ್ಷದ ಅನುಭವದವಳಿಗೆ ಹೇಳಿದ ಮಾತು. ನಾನು ತಲೆ ಆಡಿಸಿ ನನ್ನ ಜಾಗಕ್ಕೆ ಬಂದು ಕೂತೆ. ಸಂಜೆ ಮನೆಗೆ ಹೋಗಿ ಉಂಡು ಮಲಗಿದೆ.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು, ಕಂಪನಿಯ ಬಸ್ಸು ಹೋಗಿಯಾಗಿತ್ತು. ಗಂಡ ಅಡುಗೆಮನೆಯಿಂದ, “ಎಬ್ಬಿಸಲು ಮನಸ್ಸಾಗಲಿಲ್ಲ. ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ ನೀನು” ಎಂದರು. ಅವತ್ತು ಲ್ಯಾಬಿಗೆ ಒಂದು ಗಂಟೆ ತಡವಾಗಿ ಹೋದೆ. ದಿನಕರ ಆಗಲೇ ಅಳೆಯುತ್ತಿದ್ದ.